ಉಗುರುಬೆಚ್ಚಗೆ

ಮೊದಲ ಹತ್ತು ನಿಮಿಷ ಮುಗಿದಾಗ ಅವನು ನಾಲ್ಕೂ ಬ್ಯಾಟರಿಗಳ ಮೇಲೆ ಒಂದೊಂದಾಗಿ ಬಲಗೈಯ ಬೆರಳುಗಳನ್ನಿಟ್ಟ. ಏನೂ ಗೊತ್ತಾಗಲಿಲ್ಲ. ತಂಗಿ ಗೆರೆ ಎಳೆದುಕೊಟ್ಟಿದ್ದ ಎರಡನೆಯ ದಿನದ ಹಾಳೆಯ ಮೊದಲ ಸಾಲಿನಲ್ಲಿ ತಣ್ಣಗೆ, ತಣ್ಣಗೆ, ತಣ್ಣಗೆ, ತಣ್ಣಗೆ ಎಂದು ಬರೆದ. ಬರೆದ ಮೇಲೆ, ನಾಲ್ಕೂ ಒಂದೇ ಥರ ಇದ್ದರೆ ಮುಟ್ಟಿಯೇ ನೋಡಿಲ್ಲ ಅನ್ನಿಸಬಹುದೆಂದು ಎರಡನೆಯದನ್ನು ಹೊಡೆದುಹಾಕಿ ಉಗುರುಬೆಚ್ಚಗೆ ಎಂದು ತಿದ್ದಿದ. ತಿದ್ದಿದ್ದು ಕಣ್ಣಿಗೆ ಹೊಡೆಯುತ್ತಿತ್ತು. ಆದರೆ ತಿದ್ದಿದ್ದರಿಂದಲೇ ಅದು ನಿಜದಂತೆ ಕಾಣುತ್ತಿತ್ತು. ಸುಳ್ಳು ಬರೆಯುವವನು ಯಾಕೆ ತಿದ್ದುತ್ತಾನೆ? ಮುಟ್ಟಿ ನೋಡಿದವನೇ ತಿದ್ದುವುದು. ಮುಟ್ಟಿಯಂತೂ ನೋಡಿದ್ದೇನೆ ಎಂದುಕೊಂಡ. ಆ ಮಟ್ಟಿಗೆ ಅದು ಸುಳ್ಳಲ್ಲ.

ಕಿಟಕಿಯ ಕೆಳಗಿನ ಮೇಜಿನ ಮೇಲೆ, ಸ್ನಾನದ ಮನೆಗೆ ಹಾಕಿ ಮಿಕ್ಕಿದ್ದ ಒಂದು ಟೈಲನ್ನಿಟ್ಟು, ಅದರ ಮೇಲೆ ಆ ಹೊಸ ಚಾರ್ಜರನ್ನು ಕೂರಿಸಿ ತಂಗಿ ಬೆಳಿಗ್ಗೆ ಎಂಟೂವರೆಗೇ ನಿನ್ನೆ ತೆಗೆದ ಫೋಟೋಗಳನ್ನು ತೋರಿಸಿ ಬರಲು ಹೋಗಿದ್ದಳು. ಅವಳದು ಚಿಕ್ಕ ಡ್ರೋನ್. ಮಡಚಿದರೆ ಅಂಗೈಯಲ್ಲಿ ಹಿಡಿಸುವಂಥದ್ದು. ಸೋರುವ ಚಾವಣಿಗಳ ಮೇಲೆ ಅದನ್ನು ಹಾರಿಸಿ ಫೋಟೋ ತೆಗೆದು, ಎಲ್ಲಿ ಬಿರುಕು ಬಿಟ್ಟಿದೆ, ಯಾವ ಹೆಂಚು ಜರುಗಿದೆ ಎಂದು ಮನೆಯವರಿಗೆ ತೋರಿಸಿಕೊಡುವುದು ಅವಳ ಉದ್ಯೋಗ. ಒಂದು ಬ್ಯಾಟರಿ ಇಪ್ಪತ್ತು ನಿಮಿಷ ಬಂದರೆ ಹೆಚ್ಚು. ಡ್ರೋನಿನ ಜೊತೆಗೇ ಬಂದಿದ್ದ ಚಾರ್ಜರ್ ಒಂದು ತುಂಬಿದ ಮೇಲೆ ಇನ್ನೊಂದು ಎಂದು ನಿಧಾನವಾಗಿ ತುಂಬುತ್ತಿತ್ತು, ನಾಲ್ಕಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಇದು ಬೇರೆ ಯಾರೋ ತಯಾರಿಸಿದ್ದು. ನಾಲ್ಕನ್ನೂ ಒಟ್ಟಿಗೇ, ಒಂದೇ ಗಂಟೆಯಲ್ಲಿ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿತ್ತು.

"ಡ್ರೋನ್ ಕಂಪನಿದಲ್ಲ ಅಣ್ಣ ಇದು, ಅದಕ್ಕೇ ನಂಗೆ ಪೂರ್ತಿ ನಂಬಿಕೆ ಇಲ್ಲ," ಎಂದಿದ್ದಳು ತಂಗಿ, ಮೊನ್ನೆ. "ಮೂರು ದಿನ ನಾವೇ ಪರೀಕ್ಷೆ ಮಾಡೋಣ. ಬಿಸಿ ಅಳೆಯೋ ಮೀಟರ್ ತರಿಸ್ತಿದೀನಿ, ಬರೋಕೆ ಇನ್ನೂ ಒಂದು ವಾರ. ಅಲ್ಲೀವರೆಗೆ ನಿನ್ನ ಕೈ ಇದೆಯಲ್ಲ. ಹತ್ತತ್ತು ನಿಮಿಷಕ್ಕೆ ಮುಟ್ಟಿ ನೋಡಿ ಬರೀ. ತಣ್ಣಗೆ, ಉಗುರುಬೆಚ್ಚಗೆ, ಬೆಚ್ಚಗೆ, ಬಿಸಿ. ಬಿಸಿ ಅನ್ನಿಸಿದ್ರೆ ಮಾತ್ರ ಹಿಂದೆಮುಂದೆ ನೋಡ್ಬೇಡ, ಪ್ಲಗ್ ಕಿತ್ತುಬಿಡು."

ನಿನ್ನ ಕೈ ಇದೆಯಲ್ಲ. ಆಗಲೇ ಹೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಆದರೆ ತೆರೆದ ಬಾಯಿಯಿಂದ "ಅದೇನು ಮಹಾ" ಎಂಬ ಮಾತು ಬಂತು. ಬೇಕರಿಯಲ್ಲಿ ಅವನನ್ನು ಕೈಮೀಟರು ಎಂದು ಕರೆಯುತ್ತಿದ್ದರು. ಇಪ್ಪತ್ತೇಳು ವರ್ಷ ಭಟ್ಟಿಯ ಮುಂದೆ ನಿಂತವನು. ಭಟ್ಟಿಯ ಬಾಯಿಗೆ ಅಂಗೈ ಒಡ್ಡಿ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ, ಬ್ರೆಡ್ಡಿಗೆ ಈಗ, ಬನ್ನಿಗೆ ಇನ್ನು ಕಾಲು ಗಂಟೆ ಬಿಟ್ಟು ಎಂದರೆ ಅದೇ ಕೊನೆಯ ಮಾತು. ಮಾಲೀಕರು ಗಿರಾಕಿಗಳನ್ನು ಒಳಗೆ ಕರೆತಂದು, ನೋಡಿ, ಈ ಕೈಗೆ ವಿಮೆ ಮಾಡಿಸ್ಬೇಕು ಎಂದು ನಗುತ್ತಿದ್ದರು. ತಂಗಿ ಚಿಕ್ಕವಳಿದ್ದಾಗ ಚಳಿಗಾಲದ ಬೆಳಿಗ್ಗೆ ಅವನ ಅಂಗೈಗಳ ನಡುವೆ ತನ್ನ ಕೈ ತೂರಿಸಿಕೊಂಡು, ಅಣ್ಣನ ಕೈಯೇ ಭಟ್ಟಿ ಅನ್ನುತ್ತಿದ್ದಳು. ಹಾಗೆ ಅಂದವಳ ಮುಂದೆ, ಈ ಕೈ ಸತ್ತುಹೋಗಿದೆ ಎಂದು ಹೇಗೆ ಹೇಳುವುದು? ಸತ್ತಿದೆಯೋ ಮಲಗಿದೆಯೋ ಅದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ಒಂದು ದಿನ ಇದ್ದು ಮಾರನೆಯ ದಿನ ಇಲ್ಲದಂತೆ ಆಗಿದ್ದರೆ ದಿನಾಂಕ ಹೇಳಬಹುದಿತ್ತು. ಹಾಗಾಗಿರಲಿಲ್ಲ. ಅಂಗಿಯ ಗುಂಡಿ ಹಾಕುವಾಗ ತಡವರಿಕೆ, ನಾಣ್ಯವೋ ವಾಷರೋ ಎಂದು ಜೇಬಿನಿಂದ ತೆಗೆದು ನೋಡಬೇಕಾಗಿ ಬಂದದ್ದು. ವಯಸ್ಸು ಅಂದುಕೊಂಡ. ಆಮೇಲೆ ಆ ಇನ್ನೂರು ಬನ್ನು.

ಎರಡನೆಯ ಹತ್ತು ನಿಮಿಷಕ್ಕೆ ಗಡಿಯಾರದ ಮುಳ್ಳು ಬಂದಾಗ ಅವನು ಎಡಗೈಯನ್ನು ಬಳಸಿದ. ಎಡಗೈ ಬಲಗೈಯಷ್ಟು ಕೆಟ್ಟಿರಲಿಕ್ಕಿಲ್ಲ ಎಂಬ ಆಸೆ. ಒಂದನೆಯದರ ಮೇಲೆ ಇಟ್ಟಾಗ ಏನೋ ಇದ್ದಂತಾಯಿತು. ತೆಗೆದಾಗಲೂ ಇದ್ದಂತೆಯೇ ಇತ್ತು. ಎರಡನೆಯದು, ಮೂರನೆಯದು. ಮೂರನೆಯದರ ಮೇಲೆ ಬೆರಳು ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಬೆರಳುಗಳು ಅಲ್ಲಿ ನಿಂತಿರುವುದು ಕಾಣುತ್ತಿತ್ತು, ಯಾರದೋ ಬೆರಳುಗಳನ್ನು ನೋಡುವಂತೆ. ಅವನು ನಿನ್ನೆಯ ಹಾಳೆಯ ಇದೇ ಸಾಲನ್ನು ಒಮ್ಮೆ ಓದಿಕೊಂಡು ಅದಕ್ಕೆ ಹೊಂದುವಂತೆ ಬರೆದ: ಉಗುರುಬೆಚ್ಚಗೆ, ಬೆಚ್ಚಗೆ, ಉಗುರುಬೆಚ್ಚಗೆ, ತಣ್ಣಗೆ. ನಿನ್ನೆಯದು ಎಲ್ಲಿಂದ ಬಂದಿತ್ತು? ನಿನ್ನೆಯದನ್ನು ನಿನ್ನೆ ಹುಟ್ಟಿಸಿದ್ದು. ಆದರೆ ಒಂದು ರಾತ್ರಿ ಕಳೆದ ಮೇಲೆ, ನೀಲಿ ಶಾಯಿಯಲ್ಲಿ, ತನ್ನದೇ ಅಕ್ಷರದಲ್ಲಿ, ಅದು ಯಾರೋ ಜವಾಬ್ದಾರಿಯ ಮನುಷ್ಯ ನಿಂತು ಪರೀಕ್ಷಿಸಿ ಬರೆದಂತೆ ಕಾಣುತ್ತಿತ್ತು. ಅವನಿಗೇ ಅದರ ಮೇಲೆ ಗೌರವ ಬಂತು.

ಹಸಿಯಾಗಿದ್ದವು ಆ ಬನ್ನುಗಳು. ಮೇಲೆ ಕೆಂಪಗೆ, ಒಳಗೆ ಅಂಟುಅಂಟು. ಎಂಟೆಣಿಸಿದ್ದ, ಅಂಗೈಗೆ ಏನೂ ಗೊತ್ತಾಗದಿದ್ದಾಗ ಕಣ್ಣಂದಾಜಿನಲ್ಲಿ ಹೂಂ ಅಂದಿದ್ದ. ಮಧ್ಯಾಹ್ನದ ಹೊತ್ತಿಗೆ ಗಿರಾಕಿಗಳು ಚೀಲ ಚೀಲ ವಾಪಸು ತಂದು ಗಾಜಿನ ಪೆಟ್ಟಿಗೆಯ ಮೇಲೆ ಸುರಿದರು. ಮಾಲೀಕರು ನೇರ ಹಿಟ್ಟುಮಾವನ ಹತ್ತಿರ ಹೋದರು. ಹಿಟ್ಟುಮಾವ ಅಂದರೆ ಹಿಟ್ಟು ನಾದುವವನು, ಎಲ್ಲರಿಗೂ ಮಾವ. ಹುಬ್ಬಿನಲ್ಲಿ ಸದಾ ಮೈದಾ ಅಂಟಿಕೊಂಡಿರುತ್ತಿದ್ದುದರಿಂದ ನಿಜವಾದ ನರೆ ಎಷ್ಟು, ಹಿಟ್ಟೆಷ್ಟು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. "ನೀರು ಜಾಸ್ತಿ ಹಾಕಿದೀಯಾ, ಒಪ್ಕೋ," ಎಂದರು ಮಾಲೀಕರು. ಹಿಟ್ಟುಮಾವ ಇವನ ಕಡೆ ನೋಡಿದ. ಕೈಮೀಟರು ಹೇಳಿದರೆ ಮುಗಿಯಿತು ಎಂಬ ನೋಟ. ಇವನು ಟ್ರೇಗಳನ್ನು ಒಂದರ ಮೇಲೊಂದು ಜೋಡಿಸುತ್ತ ನಿಂತ. ಹಾಗೆ ಜೋಡಿಸುವಾಗ ಟ್ರೇಗಳು ಮಾಡುವ ಸದ್ದು ಎಷ್ಟು ಜೋರು ಎಂದರೆ ಯಾರು ಏನು ಕೇಳಿದರೂ ಕೇಳಿಸುವುದಿಲ್ಲ. ಮರುವಾರ ಹಿಟ್ಟುಮಾವನ ಜಾಗಕ್ಕೆ ಒಂದು ಯಂತ್ರ ಬಂತು. ಅದರ ಮರುತಿಂಗಳು ಇವನೂ ಮಂಡಿನೋವು ಎಂದು ಹೇಳಿ ಕೆಲಸ ಬಿಟ್ಟ. ಕೈ ಎಂದು ಹೇಳಲಾಗದ್ದರಿಂದ ಮಂಡಿ. ತಂಗಿಯ ಮನೆಗೆ ಬಂದ ಮೇಲೆ ಕುಂಟುವುದನ್ನು ಎಷ್ಟೋ ಸಲ ಮರೆಯುತ್ತಿದ್ದ, ಒಂದು ದಿನ ಅವಳು, "ನಿಂಗೆ ನೋವಿರೋದು ಎಡಗಾಲೋ ಬಲಗಾಲೋ?" ಎಂದು ಕೇಳಿದಾಗ ಎರಡನ್ನೂ ಒಮ್ಮೆ ನೋಡಿಕೊಂಡಿದ್ದ.

ಮೂವತ್ತನೆಯ ನಿಮಿಷಕ್ಕೆ ಅವನಿಗೊಂದು ಉಪಾಯ ಹೊಳೆಯಿತು. ಕೈಗೆ ತಿಳಿಯದಿದ್ದರೇನಂತೆ, ಕೆನ್ನೆಗೆ ತಿಳಿಯುತ್ತದಲ್ಲ. ನಿನ್ನೆಯೇ ಯಾಕೆ ಹೊಳೆಯಲಿಲ್ಲವೋ. ಮೇಜಿನ ಪಕ್ಕ ಮಂಡಿಯೂರಿ ಕೂತು, ತಲೆ ಬಗ್ಗಿಸಿ, ಬಲಗೆನ್ನೆಯನ್ನು ಒಂದನೆಯ ಬ್ಯಾಟರಿಯ ಮೇಲಿಟ್ಟ. ಬೆಚ್ಚಗಿತ್ತು! ಎಷ್ಟೋ ದಿನಗಳ ಮೇಲೆ ಒಂದು ವಸ್ತು ತಾನು ಹೇಗಿದ್ದೇನೆಂದು ಅವನಿಗೆ ತಾನಾಗಿ ಹೇಳಿದಂತಾಯಿತು. ಎರಡನೆಯದೂ ಬೆಚ್ಚಗೆ, ಹಾಗೇ. ಮೂರನೆಯದಕ್ಕೆ ಕೆನ್ನೆ ತಾಗಿಸುತ್ತಿರುವಾಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಕೆಳಮನೆಯ ಟೈಲರಮ್ಮ. ಕತ್ತಿನಲ್ಲಿ ಅಳತೆಪಟ್ಟಿ, ಕೈಯಲ್ಲಿ ಜಿಪ್ಪು ಹಾಕಲು ತಂಗಿ ಕೊಟ್ಟಿದ್ದ ಚೀಲ. "ಬಾಗಿಲು ತೆಗೆದೇ ಇತ್ತು," ಎಂದಳು. "ಏನು ಬೇಕರಿಯಣ್ಣ, ಅದಕ್ಕೆ ಮುದ್ದು ಕೊಡ್ತಿದೀರಾ?"

ಅವನು ಎದ್ದುನಿಂತ. ಏಳುವಾಗ ಮಂಡಿಯ ನೆನಪಾಗಿ ಎಡಗಾಲನ್ನು ಎಳೆದ. "ಇಲ್ಲ, ಶಬ್ದ... ಒಳಗೆ ಶಬ್ದ ಏನಾದ್ರೂ ಬರುತ್ತಾ ಅಂತ ಕೇಳ್ತಿದ್ದೆ."

"ಬಂತಾ?"

"ಏನು?"

"ಶಬ್ದ."

"ಇನ್ನೂ ಬಂದಿಲ್ಲ." ಮುಖ ಧಗಧಗ ಅನ್ನುತ್ತಿತ್ತು. ಆಮೇಲೆ, ಇದ್ದಕ್ಕಿದ್ದಂತೆ, ಇವಳ ಕೈಯಾದರೂ ಇದೆಯಲ್ಲ ಅನ್ನಿಸಿ, "ನೀವೊಂದ್ಸಲ ಇದನ್ನ ಮುಟ್ಟಿ ನೋಡ್ತೀರಾ? ಈ ಮೂರನೇದು. ಬಿಸಿ ಇದೆಯಾ ಹೇಳಿ," ಎಂದ.

ಟೈಲರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯೋ ನಾನೊಲ್ಲೆ. ಕರೆಂಟಿನ ಸಾಮಾನು. ಇಸ್ತ್ರಿಪೆಟ್ಟಿಗೆ ಶಾಕ್ ಹೊಡೆದು ನಾನು ಪಡಬಾರದ ಪಾಡು ಪಟ್ಟಿದೀನಿ." ಚೀಲವನ್ನು ಕುರ್ಚಿಯ ಮೇಲಿಟ್ಟು ನಕ್ಕಳು. "ಅದೂ ಅಲ್ದೆ ನಿಮ್ಮ ಕೈ ಇರುವಾಗ ನನ್ನನ್ನ ಕೇಳ್ತೀರಲ್ಲ! ನಿಮ್ಮ ತಂಗಿ ಎಲ್ಲರ ಹತ್ರಾನೂ ಹೇಳ್ಕೊಂಡು ಬರ್ತಾಳೆ, ನಮ್ಮಣ್ಣ ಮುಟ್ಟಿ ಹೇಳಿದ್ರೆ ಮುಗೀತು ಅಂತ."

ಅವಳು ಮೆಟ್ಟಿಲಿಳಿದು ಹೋದ ಮೇಲೆ ಅವನು ಮತ್ತೆ ಮಂಡಿಯೂರಿ ಮೂರನೆಯದಕ್ಕೆ ಕೆನ್ನೆ ಕೊಟ್ಟ. ಬಿಸಿ. ಖಂಡಿತ ಬಿಸಿ. ಆದರೆ ಕೆನ್ನೆಯೇ ನಾಚಿಕೆಯಿಂದ ಬಿಸಿಯಾಗಿತ್ತಲ್ಲ. ಯಾವುದು ಯಾವುದನ್ನು ಬಿಸಿ ಮಾಡುತ್ತಿದೆ? ನಾಲ್ಕನೆಯದಕ್ಕೂ ಕೊಟ್ಟು ನೋಡಿದ, ಅದೂ ಬಿಸಿ ಅನ್ನಿಸಿತು. ಮೇಜಿನ ಮರಕ್ಕೆ ಕೊಟ್ಟ. ಮರವೂ ಬೆಚ್ಚಗಿತ್ತು, ಕಿಟಕಿಯ ಬಿಸಿಲು ಬಿದ್ದಿತ್ತೋ ಏನೋ. ಹಾಗಾದರೆ ಪ್ಲಗ್ ಕೀಳಬೇಕೋ ಬೇಡವೋ? ಕಿತ್ತರೆ ತಂಗಿ ಬಂದು ಯಾಕೆ ಕಿತ್ತೆ ಎಂದು ಕೇಳುತ್ತಾಳೆ, ಬಿಸಿ ಇತ್ತು ಎಂದರೆ ಅವಳು ಮುಟ್ಟಿ ನೋಡುತ್ತಾಳೆ, ತಣ್ಣಗಿದ್ದರೆ? ಮಧ್ಯಾಹ್ನದ ಕೆಲಸಕ್ಕೆ ಅವಳಿಗೆ ನಾಲ್ಕೂ ಬೇಕು. ಕೀಳದಿದ್ದರೆ, ಬಿಸಿ ನಿಜವಾಗಿದ್ದರೆ? ಪೆನ್ನು ಹಿಡಿದು ಹಾಳೆಯ ಮುಂದೆ ಕೂತ. ಮೂರನೆಯ ಮನೆಯಲ್ಲಿ ಬೆ ಎಂದು ಬರೆದು ನಿಲ್ಲಿಸಿದ. ಬೆಚ್ಚಗೆ ಎಂದು ಮುಗಿಸುವುದು ಸುಲಭವಾಗಿತ್ತು. ಬೆ ಹೊಡೆದು ಬಿ ಎಂದು ಬರೆಯುವುದೂ ಅಷ್ಟೇನು ಕಷ್ಟವಲ್ಲ. ಎರಡನ್ನೂ ಮಾಡದೆ ಆ ಅಕ್ಷರವನ್ನೇ ನೋಡುತ್ತ ಕೂತ.

ಆಗ ಒಂದು ವಾಸನೆ ಬಂತು. ಸಿಹಿ ವಾಸನೆ, ತುಂಬ ಹಣ್ಣಾದ ಹಣ್ಣಿನದೂ ಅಲ್ಲ, ಉಗುರುಬಣ್ಣದ್ದೂ ಅಲ್ಲ, ಎರಡರ ನಡುವಿನದು. ಅವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೇಕರಿ ಬಿಟ್ಟ ಮೇಲೆ ಎಷ್ಟೋ ಸಲ ಹೀಗೆ, ಬಸ್ಸಿನಲ್ಲಿ, ಆಸ್ಪತ್ರೆಯ ಮುಂದೆ, ಎಲ್ಲೆಲ್ಲೋ ಸಿಹಿ ವಾಸನೆ ಬಂದು ತಿರುಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಇಪ್ಪತ್ತೇಳು ವರ್ಷ ಮೂಗಿನಲ್ಲಿ ತುಂಬಿಕೊಂಡದ್ದು ಸೋರುತ್ತಿದೆ ಎಂದುಕೊಳ್ಳುತ್ತಿದ್ದ. ಕೈ ಹೋದ ಮೇಲೆ ಮೂಗನ್ನು ಮಾತ್ರ ಯಾಕೆ ನಂಬಬೇಕು? ಚಾರ್ಜರಿನ ನಾಲ್ಕೂ ಹಸಿರು ದೀಪಗಳು ಮಿನುಗುತ್ತಿದ್ದವು. ಮೂರನೆಯದು ಒಂದು ಸಲ ಕೆಂಪಾಗಿ ಮತ್ತೆ ಹಸಿರಾಯಿತು. ಆಯಿತೇ? ರೆಪ್ಪೆ ಹೊಡೆದಾಗ ಹಾಗೆ ಕಂಡಿರಬಹುದು. ಅವನು ರೆಪ್ಪೆ ಹೊಡೆಯದೆ ನೋಡುತ್ತ ಕೂತ. ಕಣ್ಣಲ್ಲಿ ನೀರು ಬಂತು. ದೀಪ ಹಸಿರಾಗಿಯೇ ಇತ್ತು.

ನೋಡುತ್ತಿದ್ದ ಹಾಗೆ ಅವನಿಗೆ ದೀಪಕ್ಕಿಂತ ಬೇರೆಯದೇನೋ ಕಂಡಿತು. ಮೂರನೆಯ ಬ್ಯಾಟರಿಯ ಮೇಲಂಚು ಉಳಿದ ಮೂರರ ಸಾಲಿನಲ್ಲಿರಲಿಲ್ಲ. ಎಷ್ಟು ವ್ಯತ್ಯಾಸ? ಒಂದು ಅಕ್ಕಿಕಾಳಿನಷ್ಟು. ಬೇರೆ ಯಾರಾದರೂ ಆಗಿದ್ದರೆ ಸರಿಯಾಗಿ ಕೂತಿಲ್ಲ ಎಂದು ಒತ್ತುತ್ತಿದ್ದರು. ಅವನು ಸಾವಿರಾರು ಬೆಳಗು ಬಟ್ಟೆ ಸರಿಸಿ ಟ್ರೇಗಳ ಹಿಟ್ಟಿನುಂಡೆಗಳಲ್ಲಿ ನೋಡಿದ್ದು ಇದನ್ನೇ: ಯಾವುದು ಕೂತಿದೆ, ಯಾವುದು ಎದ್ದಿದೆ. ಇದು ಎದ್ದಿತ್ತು. ನಡುವೆ ನವಿರಾಗಿ, ಅಂಚಿಗೆ ಇಳಿಜಾರಾಗಿ, ಒಳಗಿನಿಂದ ಗಾಳಿ ತಳ್ಳಿದಾಗ ಮಾತ್ರ ಬರುವ ಉಬ್ಬು. ಈ ಒಂದು ವಿಷಯದಲ್ಲಿ ಅವನಿಗೆ ಗೊಂದಲವೇ ಆಗಲಿಲ್ಲ. ಎದ್ದು ಪ್ಲಗ್ ಕಿತ್ತ. ದೀಪಗಳು ಆರಿದವು. ಉಬ್ಬು ನಿಲ್ಲಲಿಲ್ಲ, ಕಣ್ಣೆದುರೇ ಇನ್ನಷ್ಟು ಏರಿತು, ಟಿಕ್ ಎಂದು ಪ್ಲಾಸ್ಟಿಕ್ಕಿನ ಒಂದು ಅಂಚು ಬಿಟ್ಟಿತು. ಸಿಹಿ ವಾಸನೆ ಈಗ ಕೋಣೆಯ ತುಂಬ.

ತಂಗಿ ಹಿತ್ತಲಲ್ಲಿ ಒಂದು ಬಕೆಟ್ ಮರಳು ಇಟ್ಟಿದ್ದಳು, ಇಂಥದ್ದಕ್ಕೇ. ಚಾರ್ಜರನ್ನೇ ಎತ್ತಿಕೊಂಡು ಹೋಗೋಣವೆಂದರೆ ಉಳಿದ ಮೂರಕ್ಕೂ ಬೆಂಕಿ ತಗುಲಿದರೆ? ಅವನು ಮೂರನೆಯದನ್ನು ಹಿಡಿದೆಳೆದ. ಉಬ್ಬಿದ್ದರಿಂದ ಸಿಕ್ಕಿಹಾಕಿಕೊಂಡಿತ್ತು. ಎರಡೂ ಕೈ ಹಾಕಿ ಅಲುಗಾಡಿಸಿ ಅಲುಗಾಡಿಸಿ ಕಿತ್ತ. ಅದನ್ನು ಅಂಗೈಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡು, ಬಾಗಿಲು ದಾಟಿ, ಹದಿನಾರು ಮೆಟ್ಟಿಲು, ಕುಂಟದೆ, ಓಡಿದ. ಟೈಲರಮ್ಮ ಯಂತ್ರದ ಮುಂದಿನಿಂದ ಎದ್ದು "ಏನಾಯ್ತು? ಏನಾಯ್ತು?" ಎನ್ನುತ್ತ ಹಿಂದೆ ಬಂದಳು. ಮರಳಿನಲ್ಲಿ ಅದನ್ನು ಹೂತು ಅವನು ಹಿಂದೆ ಸರಿಯುತ್ತಿದ್ದಂತೆ ಬಕೆಟ್ಟು ಸುಯ್ ಎಂದಿತು. ಬಿಳಿ ಹೊಗೆ ದಟ್ಟವಾಗಿ, ಯಾರೋ ತಳ್ಳಿದಂತೆ ಮೇಲಕ್ಕೆದ್ದಿತು. ಇಬ್ಬರೂ ಗೋಡೆಗೆ ಒರಗಿ ನಿಂತರು. ಹೊಗೆ ಮೆಲ್ಲಗೆ ತೆಳುವಾಯಿತು. ಅವನಿಗೆ ಬಹಳ ದಿನಗಳ ಮೇಲೆ ಹಗುರ ಅನ್ನಿಸುತ್ತಿತ್ತು, ಏನೋ ಒಂದನ್ನು ಸರಿಯಾಗಿ ಮಾಡಿದೆನೆಂದು.

"ಬೇಕರಿಯಣ್ಣ," ಎಂದಳು ಟೈಲರಮ್ಮ. ದನಿ ಬೇರೆಯಾಗಿತ್ತು. "ನಿಮ್ಮ ಕೈ."

ಎರಡೂ ಅಂಗೈಗಳ ಚರ್ಮ ಕೆಂಪಾಗಿ, ಬಲಗೈಯಲ್ಲಿ ಆಗಲೇ ನೀರುಗುಳ್ಳೆ ಎದ್ದಿತ್ತು. ಅವನು ಅವುಗಳನ್ನು ತಿರುಗಿಸಿ ನೋಡಿದ. ಓಹೋ, ಹಾಗಾದರೆ ಬಿಸಿ ಇತ್ತು ಎಂದುಕೊಂಡ.

ಟೈಲರಮ್ಮ ತಂಗಿಗೆ ಫೋನ್ ಮಾಡಿದಳು, ತಂಗಿ ಬರುವ ಹೊತ್ತಿಗೆ ಅವನ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡಿದ್ದಳು. ಸ್ಕೂಟರನ್ನು ಗೇಟಿನ ಹತ್ತಿರ ಹಾಗೇ ಒರಗಿಸಿ ಬಂದ ತಂಗಿ ಬಕೆಟ್ಟನ್ನು ನೋಡಿದಳು, ಕೈಯನ್ನು ನೋಡಿದಳು. "ಬಟ್ಟೆ ಸುತ್ಕೊಂಡು ಹಿಡೀಬಾರದಿತ್ತಾ ಅಣ್ಣ? ಇಷ್ಟು ಬಿಸಿ ಇದ್ದಿದ್ದನ್ನ ಯಾರಾದ್ರೂ ಬರಿಗೈಯಲ್ಲಿ ಹಿಡಿದು ಮೆಟ್ಟಿಲಿಳೀತಾರಾ?"

"ಗೊತ್ತಾಗ್ಲಿಲ್ಲ," ಎಂದ.

"ಗೊತ್ತಾಗ್ಲಿಲ್ಲ ಅಂದ್ರೆ?"

ಹೇಳಬೇಕಾದದ್ದು ಬಹಳ ಇತ್ತು, ಯಾವುದು ಮೊದಲು ಎಂದು ತಿಳಿಯಲಿಲ್ಲ. "ಮಂಡಿ ಚೆನ್ನಾಗೇ ಇದೆ," ಎಂದ. "ಹಿಟ್ಟುಮಾವ ನೀರು ಜಾಸ್ತಿ ಹಾಕಿರಲಿಲ್ಲ."

"ಯಾವ ಮಾವ? ಏನು ಹೇಳ್ತಿದೀಯಾ?" ತಂಗಿ ಟೈಲರಮ್ಮನ ಮುಖ ನೋಡಿದಳು, ಟೈಲರಮ್ಮ ಮೆಲ್ಲಗೆ ಮನೆಯೊಳಕ್ಕೆ ಹೋದಳು.

"ಕೈಗೆ ಏನೂ ಗೊತ್ತಾಗಲ್ಲ ನಂಗೆ. ಬಿಸಿ, ತಣ್ಣಗೆ, ಯಾವುದೂ. ಒಂದು ವರ್ಷ ಆಯ್ತೇನೋ. ಎರಡೋ."

ತಂಗಿ ನಲ್ಲಿ ನಿಲ್ಲಿಸಿದಳು. ಅವಳ ಮುಖದಲ್ಲಿ ಮೊದಲು ಮೂಡಿದ್ದು ಮರುಕವೇ ಇರಬೇಕು, ಆದರೆ ಅದು ನಿಲ್ಲುವುದಕ್ಕೆ ಮುಂಚೆ ಬೇರೆ ಏನೋ ಅದನ್ನು ತಳ್ಳಿತು. "ಮತ್ತೆ ಆ ಹಾಳೆ? ನಿನ್ನೆ ಬರೆದಿದ್ದು?"

ಈ ಸಲ ಅವನ ಮುಂದೆ ಜೋಡಿಸುವುದಕ್ಕೆ ಟ್ರೇಗಳಿರಲಿಲ್ಲ.

"ನಿನ್ನೆ ಮೂರನೇದನ್ನ ಡ್ರೋನಿಗೆ ಹಾಕುವಾಗ ಸ್ವಲ್ಪ ಬಿಗಿ ಅನ್ನಿಸ್ತು ನಂಗೆ," ಎಂದಳು ತಂಗಿ. ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು. "ಹಾಕ್ಲೋ ಬೇಡ್ವೋ ಅಂತ ನಿಂತ್ಕೊಂಡೆ. ನಿನ್ನ ಹಾಳೆ ತೆಗೆದು ನೋಡ್ದೆ. ಉಗುರುಬೆಚ್ಚಗೆ ಅಂತಿತ್ತು. ಹಾಕ್ದೆ. ಸ್ಕೂಲಿನ ಚಾವಣಿ. ಆಟದ ಪಿರಿಯಡ್ಡು. ಮಕ್ಕಳೆಲ್ಲ ಕೆಳಗೆ ನಿಂತು ಮೇಲೆ ನೋಡ್ತಾ ಕೈ ಬೀಸ್ತಾ ಇದ್ರು ಅಣ್ಣ." ಅವನಿಗೆ ಮಕ್ಕಳ ಮುಖಗಳು ಕಾಣಲಿಲ್ಲ, ಎತ್ತಿದ ಕೈಗಳು ಮಾತ್ರ ಕಂಡವು, ಸಣ್ಣ ಸಣ್ಣ ಕೈಗಳು. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಬಹುದು, ಕೇಳಿದರೆ ಏನು ಹೇಳಲಿ ಎಂದು ತಡಕಾಡಿದ. ಅವಳು ಕೇಳಲೇ ಇಲ್ಲ. ಮರಳಿನ ಬಕೆಟ್ಟಿನ ಕಡೆ ತಿರುಗಿ, ಅವನಿಗೆ ಬೆನ್ನು ಹಾಕಿಯೇ, "ಮೇಲೆ ಬಾ," ಎಂದಳು.

ಮೇಲೆ ಅವಳು ಗುಳ್ಳೆಯೆದ್ದ ಕೈಗೆ ಮುಲಾಮು ಹಚ್ಚಿ ತೆಳುವಾದ ಬಟ್ಟೆ ಸುತ್ತಿದಳು. ಮಧ್ಯಾಹ್ನದ ಕೆಲಸದವರಿಗೆ ಫೋನ್ ಮಾಡಿ ಇವತ್ತು ಆಗಲ್ಲ ಎಂದಳು, ಡಾಕ್ಟರಿಗೂ ಮಾಡಿದಳು, ಅವರು ಎತ್ತಲಿಲ್ಲ. ಚಾರ್ಜರನ್ನು ಡಬ್ಬಿಗೆ ತುಂಬಿ, ಇದನ್ನು ವಾಪಸು ಕಳಿಸ್ತೀನಿ ಎಂದಳು, ಅವನಿಗಲ್ಲ, ಡಬ್ಬಿಗೆ. ಇದೆಲ್ಲ ಮುಗಿದ ಮೇಲೆ ಸ್ಟೂಲೆಳೆದುಕೊಂಡು ಅವನೆದುರು ಕೂತಳು.

"ಎಡಗೈ ಕೊಡು. ಅದರ ಬೆರಳಿಗೇನೂ ಆಗಿಲ್ಲ. ಕಣ್ಮುಚ್ಕೋ. ನಾನು ಮುಟ್ಟಿದಾಗ ಯಾವ ಬೆರಳು ಅಂತ ಹೇಳು. ನಿಜ ಹೇಳ್ಬೇಕು."

ಅವನು ಕಣ್ಣು ಮುಚ್ಚಿ ಕೈ ಚಾಚಿದ. ಕತ್ತಲಲ್ಲಿ ಕೈ ಎಲ್ಲಿದೆ ಎಂಬುದೇ ಮೊದಲು ಹೊಳೆಯಲಿಲ್ಲ.

"ಈಗ," ಎಂದ. "ಕಿರುಬೆರಳು."

ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಹೂಂ, ಹೇಳ್ತಾ ಹೋಗು."

"ಈಗ... ಇಲ್ಲ, ಏನೂ ಇಲ್ಲ."

"ಗೊತ್ತಾಗದಿದ್ರೆ ಗೊತ್ತಾಗ್ತಿಲ್ಲ ಅನ್ನು. ಅದೇನೂ ತಪ್ಪಲ್ಲ."

"ಗೊತ್ತಾಗ್ತಿಲ್ಲ." ಹೇಳಿದ ಮೇಲೆ ಆ ಮಾತು ಬಾಯಲ್ಲಿ ಅಷ್ಟೇನೂ ಕಹಿಯಾಗಿರಲಿಲ್ಲ. ಮತ್ತೆ ಹೇಳಿದ, "ಗೊತ್ತಾಗ್ತಿಲ್ಲ." ಎಲ್ಲೋ ಫೋನು ಗುಂಯ್‌ಗುಟ್ಟಿದಂತಾಯಿತು. ಅವನು ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ಇಡೀ ಮೈಯನ್ನು ಎಡಗೈಯ ತುದಿಗೆ ಕಳಿಸಿದ. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಇತ್ತು. ಮಧ್ಯದ ಬೆರಳಿನ ಗೆಣ್ಣಿನ ಮೇಲೆ, ಯಾರೋ ಬೆರಳಿಟ್ಟು ಹಿಡಿದಂತೆ. ನಿಜವಾಗಿ ಇತ್ತು. ಸಂಶಯವೇ ಇರಲಿಲ್ಲ.

"ಮಧ್ಯದ ಬೆರಳು," ಎಂದ. "ಇದು ಸರಿಯಾಗಿ ಗೊತ್ತಾಗ್ತಿದೆ ನೋಡು. ನಿನ್ನ ಕೈ ಬೆಚ್ಚಗಿದೆ."

ಪಕ್ಕದ ಕೋಣೆಯಿಂದ ತಂಗಿಯ ದನಿ ಕೇಳಿಸಿತು, ಫೋನಿನಲ್ಲಿ, ತಗ್ಗಿಸಿ: "ಹೌದು ಡಾಕ್ಟ್ರೇ, ವಾಪಸ್ ಫೋನ್ ಮಾಡಿದ್ದಕ್ಕೆ ಥ್ಯಾಂಕ್ಸ್. ಎರಡೂ ಕೈ. ಇಲ್ಲ, ಯಾವಾಗಿಂದ ಅಂತ ಅವನಿಗೂ ಸರಿಯಾಗಿ ಗೊತ್ತಿಲ್ಲ."

ಅವನು ಕಣ್ಣು ತೆರೆಯಲಿಲ್ಲ. ಮಧ್ಯದ ಬೆರಳು ಇನ್ನೂ ಬೆಚ್ಚಗೇ ಇತ್ತು. ಅವಳು ಬರುವವರೆಗೆ ಇರಲಿ ಎಂದು ಕೈಯನ್ನು ಹಾಗೇ ಚಾಚಿಕೊಂಡು ಕೂತ.